ಪಾಲಕ್ಕಾಡಿಗೆ ದಾರಿ ಕೇಳಿದವರು

ತಿರುಮೂರ್ತಿ ತಮಿಳುನಾಡಿನ ಕಿಣತ್ತುಕಡವಿನ ಆಚೆಯ ಒಂದು ಸರ್ಕಾರಿ ಶಾಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಚರಿತ್ರೆಯ ಮೇಷ್ಟ್ರು. ಎಂದೋ ಕನ್ನಡನಾಡಿನಿಂದ ಬಂದ ಮಗ್ಗದ ಮನೆತನ. ಪಾಠವೆಲ್ಲ ತಮಿಳಿನಲ್ಲಿ, ಮನೆಯೊಳಗಿನ ಮಾತು ಕನ್ನಡ. ಕನ್ನಡದ ಒಂದಕ್ಷರವನ್ನೂ ಓದಲು ಬಾರದು. ಮೈಸೂರಿನ ಯುದ್ಧಗಳ ಪಾಠ ಬಂದಾಗ ಪಾಲಕ್ಕಾಡಿನ ಕೋಟೆ ಮೈಸೂರಿನವರ ಕೈತಪ್ಪಿ ಇಂಗ್ಲಿಷರ ವಶವಾದ ಇಸವಿಯನ್ನು ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು ಮುಂದೆ ಹೋಗುತ್ತಿದ್ದರು.

2023ರ ನವೆಂಬರಿನ ಒಂದು ಮಧ್ಯಾಹ್ನ, ಪೊಳ್ಳಾಚಿಯಲ್ಲಿ ಶಿಕ್ಷಕರ ಸಭೆಯಿತ್ತು. ಹೆದ್ದಾರಿಯ ಗದ್ದಲ ಬೇಡವೆಂದು ತೆಂಗಿನ ತೋಟಗಳ ನಡುವಿನ ಮಣ್ಣುದಾರಿ ಹಿಡಿದರು. ಅರ್ಧ ದಾರಿಯಲ್ಲಿ ಬೈಕು ನಿಂತಿತು. ಬಗ್ಗಿ ನೋಡಿ ತಲೆ ಎತ್ತಿದರೆ ತೆಂಗಿನ ಮರಗಳೇ ಇಲ್ಲ. ಸುತ್ತ ಮುಳ್ಳುಪೊದೆ, ಅಲ್ಲಲ್ಲಿ ತಾಳೆಮರ. ಬಸ್ಸಿನ ಹಾರ್ನೂ ಕೇಳಿಸದು.

ಒಂದು ತಾಳೆಮರದ ಬುಡದಲ್ಲಿ ಆರು ಜನ ಕೂತಿದ್ದರು. ತಲೆಗೆ ಮಾಸಿದ ರುಮಾಲು, ಪಕ್ಕದಲ್ಲಿ ಉದ್ದನೆಯ ಕೋವಿ. ಒಬ್ಬನ ಮೊಣಕಾಲಿಗೆ ಸುತ್ತಿದ ಬಟ್ಟೆಯಲ್ಲಿ ರಕ್ತ ಒಣಗಿತ್ತು. ಹಿರಿಯನಂತಿದ್ದವನು ಎದ್ದು ನಿಂತ.

“ಸ್ವಾಮಿ, ಪಾಲಕ್ಕಾಡಿಗೆ ಇದೇ ದಾರಿಯಾ?”

ಕನ್ನಡ. ತಮ್ಮ ಅಜ್ಜಿ ಆಡುತ್ತಿದ್ದಂಥ ಮಾತು. ತಿರುಮೂರ್ತಿ ಅವರ ಕೋವಿಗಳತ್ತ ನೋಡಿದರು. “ಇದು ಯಾವ ವರ್ಷ?” ಎಂದು ಕೇಳಿದರು.

“ಶೋಭಕೃತು. ಕಾರ್ತಿಕ ಮಾಸ. ಯಾಕೆ ಸ್ವಾಮಿ?”

ತಿರುಮೂರ್ತಿಯವರ ಮನೆಯ ಗೋಡೆಯ ಪಂಚಾಂಗದಲ್ಲೂ ಅದೇ ಸಂವತ್ಸರವಿತ್ತು. ಅರವತ್ತು ವರ್ಷಗಳ ನಾಲ್ಕು ಸುತ್ತು ಹಿಂದಕ್ಕೆ ಎಣಿಸಿದರು: 1783, ತಾವು ಎರಡು ಗೆರೆ ಎಳೆಯುವ ಇಸವಿ. ಕೋಟೆ ಬೀಳಲು ಇನ್ನು ಕೆಲವೇ ದಿನ.

“ಓಗ್ಬೇಡಿ,” ಎಂದರು. “ಆ ಕೋಟೆ ನಿಲ್ಲಾಕಿಲ್ಲ. ನಂಗೆ ಗೊತ್ತು.”

ಹಿರಿಯನು ಸಿಟ್ಟಾಗಲಿಲ್ಲ. “ನಮಗೂ ಹಂಗೇ ಅನ್ನಿಸ್ತೈತೆ. ಆದರೆ ಒಳಗೆ ನಮ್ಮೋರು ಅವ್ರೆ. ಬಿಟ್ಟು ಹಿಂದಕ್ಕೆ ಹೋಗಿ ಊರಲ್ಲಿ ಏನು ಹೇಳಾನ?”

ಇಷ್ಟು ವರ್ಷ ಪಾಠ ಹೇಳಿದ ಮೇಷ್ಟ್ರು ಪಶ್ಚಿಮದ ಕಡೆ ಕೈ ತೋರಿಸಿದರು.

ಹೊರಡುವಾಗ ಹಿರಿಯನು ಹೇಳಿದ: “ನನ್ನ ಹೆಸರು ನಂಜುಂಡ. ತೆರಕಣಾಂಬಿ ಕಡೆ ಹೋದರೆ ನಮ್ಮ ಮನೆಯೋಳು ಅಂಗಮ್ಮಂಗೆ ಒಂದು ಮಾತು ಹೇಳಿ. ಕಾಯ್ಬೇಡ ಅನ್ನಿ.”

ಕುಂಟುತ್ತಿದ್ದವನ ತೋಳಿಗೆ ಇಬ್ಬರು ಹೆಗಲು ಕೊಟ್ಟರು. ಅವರ ಬೆನ್ನು ಮರೆಯಾಗುವವರೆಗೂ ತಿರುಮೂರ್ತಿ ನೋಡಿದರು. ಕಣ್ಣು ಒರೆಸಿಕೊಂಡಾಗ ಎದುರಿಗೆ ತೆಂಗಿನ ತೋಟವಿತ್ತು.

ಮನೆಗೆ ಬಂದು ನಡೆದದ್ದನ್ನು ಹೇಳಿದರು. “ಮಧ್ಯಾಹ್ನದ ವೆಯಿಲಿಗೆ ತಲೆ ಸುತ್ತಿರ್ಬೇಕು, ಮೋರು ಕುಡೀರಿ,” ಎಂದಳು ಹೆಂಡತಿ ಶೋಭನಾ. ಅವರು ಮಜ್ಜಿಗೆ ಕುಡಿದರು. ಅಂದಿನಿಂದ ತರಗತಿಯಲ್ಲಿ ಆ ಇಸವಿ ಬರೆಯಲು ಕೈ ಏಳಲಿಲ್ಲ. ಸಿಕ್ಕ ಪುಸ್ತಕಗಳನ್ನೆಲ್ಲ ತಿರುವಿದರು. ಎಲ್ಲಿಯೂ ನಂಜುಂಡನೆಂಬ ಸಿಪಾಯಿಯ ಹೆಸರಿರಲಿಲ್ಲ. ಬೀದಿಯಲ್ಲಿ ಯಾರಾದರೂ ದಾರಿ ಕೇಳಿದರೆ ಬೆವರುತ್ತಿದ್ದರು. ಆ ಆರು ಜನರಿಗೆ ದಾರಿ ತೋರಿಸಿದ್ದು ತಮ್ಮ ಕೈಯೇ ಅಲ್ಲವೇ?

ಬೇಸಿಗೆ ರಜೆಯಲ್ಲಿ ಸತ್ಯಮಂಗಲದ ಘಟ್ಟ ಹತ್ತಿ ತೆರಕಣಾಂಬಿಗೆ ಹೋದರು. ಅಂಗಡಿಗಳ ಬೋರ್ಡು ಓದಲಾಗದೆ ಬೀದಿ ಬೀದಿ ಅಲೆದರು. ಕೊನೆಗೆ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಮುದುಕಿಯನ್ನು ಕೇಳಿದರು: “ಇಲ್ಲಿ ಅಂಗಮ್ಮ ಅಂತ ಯಾರಾನಾ ಇದ್ದಾರಾ, ಅಮ್ಮಾ?”

“ಆ ಹೆಸರಿನೋರು ಯಾರೂ ಇಲ್ವಲ್ಲಪ್ಪ. ಏನಾಗಬೇಕಿತ್ತು?”

“ಅವ್ರ ಯಜಮಾನ್ರು ಒಂದು ಮಾತು ಹೇಳಿ ಕಳ್ಸವ್ರೆ. ಕಾಯ್ಬೇಡ ಅಂತ.”

ಮುದುಕಿಯ ಕೈ ನಿಂತಿತು. ಪಕ್ಕದ ಮೊರವನ್ನು ಸರಿಸಿ ಜಾಗ ಮಾಡಿದಳು. “ಕೂತ್ಕೊ ಮಗಾ,” ಎಂದಳು. “ಆ ಯಜಮಾನ್ರು ಹೋಗಿ ಎಷ್ಟು ದಿನ ಆಯ್ತು?”

ತಿರುಮೂರ್ತಿ ಕೂತರು. ಸಂಜೆಯ ಬಸ್ಸು ಬರುವವರೆಗೂ, ಆ ಆರು ಜನರ ವಿಷಯವನ್ನು ಮೊದಲಿನಿಂದ ಅವಳಿಗೆ ಹೇಳಿದರು.