ರೊಟ್ಟಿಯ ಮೂಲೆ

ಮಧ್ಯಾಹ್ನ ಮೂರೂ ಹತ್ತಕ್ಕೆ ನಿಮ್ಮ ಮನೆಗೆ ಬೆಂಕಿ ಇಟ್ಟವನು ನನ್ನ ಕಾಕಾ. ಮಾಳಿಗೆಯ ಮೇಲೆ ನಿಂತು ನಾನು ಅದನ್ನು ಮೊಬೈಲಿನಲ್ಲಿ ಹಿಡಿದಿದ್ದೆ. ಠಾಣೆಯಲ್ಲಿ ಮಾತ್ರ, ಹೊಗೆಯಲ್ಲಿ ಯಾರೂ ಕಾಣಲಿಲ್ಲ ಎಂದೆ. ಸಾಕ್ಷಿಯಿಲ್ಲವೆಂದು ಪ್ರಕರಣ ಮುಚ್ಚಿದರು, ನೀಲವ್ವ ಆಯಿ — ಸಾಕ್ಷಿ ನನ್ನ ಕೈಯಲ್ಲಿತ್ತು.

ಓಣಿಯ ದಾರಿಗಾಗಿ ಎದ್ದ ಜಗಳ. ಒಂದು ಕಲ್ಲು ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಈಗಲೂ ಎಲ್ಲಾದರೂ ಬಾಗಿಲು ಬಡಿದರೆ ತಲೆ ತಗ್ಗಿಸುತ್ತೇನೆ. ಕಾಕಾ ಮೊದಲು ಬೆಂಕಿ ಹಚ್ಚಿದ್ದು ಹಗ್ಗದ ಮೇಲೆ ಒಣಹಾಕಿದ್ದ ನಿಮ್ಮ ಕೌದಿಗೆ, ಆಮೇಲೆ ಸೂರಿಗೆ. ನಿಮ್ಮ ಅವ್ವನ ಸೀರೆ, ತೀರಿಕೊಂಡ ಮಗಳ ಲಂಗ — ಎಲ್ಲ ಕೂಡಿಸಿ ಹೊಲಿದ ಕೌದಿ. ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರಿಟ್ಟು ನೀವು ಹೊಲಿಗೆ ಮುಗಿಸುವಾಗ ನಾನು ಪಕ್ಕದಲ್ಲೇ ಕೂತಿದ್ದೆ. "ಕೌದಿ ಹಸದಿದ್ರ ಹೊತ್ಕೊಂಡಾವ್ರಿಗೆ ನಿದ್ದಿ ಹತ್ತಂಗಿಲ್ಲವ್ವ" ಎಂದಿದ್ದಿರಿ.

ವರ್ಷಗಳ ನಂತರ ಆ ವಿಡಿಯೊ ಮುಂದಿಟ್ಟುಕೊಂಡು ಕಂಪ್ಯೂಟರಿನಲ್ಲಿ ನಿಮ್ಮ ಕೌದಿಯನ್ನು ತುಂಡು ತುಂಡಾಗಿ ಮತ್ತೆ ಚಿತ್ರವಾಗಿ ಬಿಡಿಸಿದೆ. ಚಿತ್ರದ ಕೆಳಗಿನ ಮೂಲೆಯಲ್ಲಿ, ವಿಡಿಯೊದಲ್ಲಿದ್ದಂತೆಯೇ, ಬೆಂಕಿ ಹಚ್ಚುವ ಕಾಕಾನ ಕೈ ಇತ್ತು, ಬೆಳ್ಳಿ ಕಡಗದ ಸಮೇತ. ಅದರ ಮೇಲೊಂದು ಹಸಿರು ತುಂಡು ಕೂರಿಸಿದೆ — ನಿಮ್ಮ ರೊಟ್ಟಿಯ ಮೂಲೆಯಲ್ಲೇ.

ಮುದ್ದೇಬಿಹಾಳದ ಪ್ರದರ್ಶನದಲ್ಲಿ ದೊಡ್ಡ ಪರದೆಯ ಮೇಲೆ ಅದು ಬೆಳಗಿದಾಗ ಜನ ಚಪ್ಪಾಳೆ ತಟ್ಟಿದರು. ನೆನಪು, ನೋವು, ಎಂದೆಲ್ಲ ಮಾತನಾಡಿದರು. ಮುಂದಿನ ಸಾಲಿನಲ್ಲಿ ಕಾಕಾ ಎದೆ ಉಬ್ಬಿಸಿ, "ನಮ್ಮ ಹುಡುಗಿ ಕೆಲಸ ನೋಡ್ರಿ" ಎನ್ನುತ್ತಿದ್ದ. ನಾನು ನಕ್ಕೆ. ಆ ನಗುವನ್ನು ನೆನೆದರೆ ಇಂದಿಗೂ ನನ್ನ ಮುಖಕ್ಕೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಪ್ರದರ್ಶನಕ್ಕೆ ಬಂದಿದ್ದ ನೀವು ಪರದೆಯನ್ನು ಮುಟ್ಟಿ ನೋಡಿದಿರಿ.

"ತಣ್ಣಗೈತಲ್ಲವ್ವ ಇದು. ಮೂಲ್ಯಾಗ ರೊಟ್ಟಿ ಇಟ್ಟೀಯಿಲ್ಲೋ?"

"ಇಟ್ಟೇನಿ ಆಯಿ."

ಠಾಣೆಯಲ್ಲಿ ಹೇಳಿದ್ದಕ್ಕೆ ಭಯ ಕಾರಣ ಎನ್ನಬಹುದಿತ್ತು. ಇದಕ್ಕೆ —

ಕಳೆದ ಸೋಮವಾರ ಆ ಹಸಿರು ತುಂಡನ್ನು ತೆಗೆದುಹಾಕಿದೆ. ಸಿಂದಗಿಯ ಮುಂದಿನ ಪ್ರದರ್ಶನದಲ್ಲಿ ಇನ್ನು ಕೈ ಕಾಣುವಂತೆಯೇ ಚಿತ್ರ ನಿಲ್ಲುತ್ತದೆ. ಮೂಲ ವಿಡಿಯೊವನ್ನು ಠಾಣೆಗೆ ಕೊಟ್ಟು, ಹಿಂದೆ ಹೇಳಿದ್ದು ಸುಳ್ಳೆಂದು ಬರೆದು ಸಹಿ ಮಾಡಿದೆ. ಸಂಜೆ ಕಾಕಾನ ಫೋನು ಬಂತು.

"ಮನಿ ಮರ್ಯಾದಿ ಮಣ್ಣಾಗ ಹಾಕಿದ್ಯಲ್ಲ ತಂಗಿ."

"ಸುಟ್ಟಿದ್ದು ಯಾರ ಮನಿ, ಕಾಕಾ?" ಎಂದೆ. ಫೋನು ಕಟ್ಟಾಯಿತು.

ಅಂದು ರಾತ್ರಿ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಬೆಳಗಿನ ತನಕ ನಿದ್ದೆ ಬಂತು. ಎದ್ದಾಗ ಆ ನಿದ್ದೆಯ ಮೇಲೂ ಸಿಟ್ಟು ಬಂತು, ಆಯಿ. ನನಗಾದರೆ ಹೊದೆಯಲು ನಮ್ಮಜ್ಜಿಯ ಕೌದಿ ಉಳಿದಿತ್ತು.