ಕೇದಾರದ ಮೌಶಿ ಮತ್ತು ಕೆಳಗಿಳಿಯುವ ಕೆಲಸ

ಕೆಂಪು ಸೆರಗಿನ ಇಳಕಲ್ ಸೀರೆ, ಅದರ ನಿರಿಗೆಯ ಕೆಳಗೆ ಗಂಡಸರು ಹಾಕುವ ಬಿಳಿ ಕ್ಯಾನ್ವಾಸ್ ಬೂಟು. ಬಲಗಾಲಿನ ಬೂಟಿನ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ ಹೆಬ್ಬೆರಳಿಗೊಂದು ಕಿಟಕಿ ಮಾಡಿಕೊಟ್ಟಿದ್ದರು. ಆ ಬೆರಳು ಯಾವ ಅಳತೆಯ ಬೂಟಿನ ಮಾತನ್ನೂ ಕೇಳುತ್ತಿರಲಿಲ್ಲವಂತೆ. ಬೆಳಗಾಗುತ್ತಲೇ ಸಂಜಯನಗರದ ನಮ್ಮ ಬೀದಿಯಲ್ಲಿ ಆ ಬೂಟಿನ ಸದ್ದು, ಅದರ ಹಿಂದೆ ನಾಲ್ಕಾರು ಜೊತೆ ಚಪ್ಪಲಿಗಳ ಸದ್ದು ಕೇಳಿತೆಂದರೆ, ಎದುರುಮನೆಯ ಮೌಶಿ ತಮ್ಮ ಯಾತ್ರಿಕರನ್ನು ಹೆಬ್ಬಾಳದ ಕೆರೆ ಏರಿಯ ಮೇಲೆ ನಡೆಸಲು ಹೊರಟರು ಎಂದು ತಿಳಿಯಬೇಕು.

ಅವರು ಗದಗಿನ ಕಡೆಯವರು. ಆ ಕಡೆ ಚಿಕ್ಕಮ್ಮನಿಗೆ ಮೌಶಿ ಎನ್ನುತ್ತಾರೆಂದು ನಮಗೆ ಗೊತ್ತಾದದ್ದೇ ಅವರಿಂದ. ಗಂಡ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಶಿಫ್ಟಿಗೆ ಹೋಗುತ್ತಿದ್ದರು. ಸ್ಟೂಲಿನ ಮೇಲೆ ನಿಂತು ಬಲ್ಬು ಹಾಕಿದರೂ ತಲೆ ತಿರುಗುವ ಮನುಷ್ಯ. "ನೀ ಗುಡ್ಡಾ ಹತ್ತು, ಪುಣ್ಯದಾಗ ಅರ್ಧಾ ನನಗ ಬರತೈತಿ" ಎಂದು ಆರಾಮವಾಗಿ ಮನೆಯಲ್ಲೇ ಉಳಿಯುತ್ತಿದ್ದರು. ಮೌಶಿ ಮಾತ್ರ ಬೇಸಿಗೆ ಬಂತೆಂದರೆ ಒಂದಷ್ಟು ಹೆಂಗಸರನ್ನು ಕಟ್ಟಿಕೊಂಡು ಕೇದಾರಕ್ಕೆ ಹೊರಡುವರು. ಅದಕ್ಕೆ ಮೊದಲು ಕೆರೆ ಏರಿ, ಆಮೇಲೆ ಭಾನುವಾರಗಳಂದು ನಂದಿಬೆಟ್ಟದ ಹಳೆಯ ಮೆಟ್ಟಿಲು. ಅಲ್ಲಿ ಏದುಸಿರು ಬಿಟ್ಟವರು ಎಷ್ಟೇ ಅತ್ತರೂ ಆ ವರ್ಷ ಯಾತ್ರೆ ಇಲ್ಲ. "ಗುಡ್ಡಕ್ಕ ನಿನ್ನ ಭಕ್ತಿ ತಿಳಿಯೂದಿಲ್ಲವಾ, ನಿನ್ನ ಕಾಲು ತಿಳಿತಾವ" ಎನ್ನುತ್ತಿದ್ದರು. ಹಾಗೆ ವಾಪಸ್ಸು ಕಳಿಸಿದವರಿಗೆ ಹೇಳಲು ಇನ್ನೊಂದು ಮಾತಿತ್ತು: "ಶಿವಪ್ಪ ಎಲ್ಲಿಗೂ ಓಡಿ ಹೋಗೂದಿಲ್ಲ. ಮುಂದಿನ ವರ್ಷಾನೂ ಅಲ್ಲೇ ಇರತಾನ."

ನಾನು ಆಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಷೀಲ್ಡು ಹೊತ್ತು ತರುತ್ತಿದ್ದ ಕಾಲ. ಚೀಟಿ ಎತ್ತಿ ಪರವೋ ವಿರೋಧವೋ ಬಂದದ್ದನ್ನು ಸಾಧಿಸಿ ತೋರಿಸುವುದು ನನ್ನ ಅಭ್ಯಾಸ. ದೇವರ ವಿಷಯದಲ್ಲಿ ಮಾತ್ರ ಚೀಟಿಯ ಅಗತ್ಯವಿರಲಿಲ್ಲ, ವಿರೋಧವೇ. ಒಮ್ಮೆ ಪ್ರಸಾದ ಕೊಡಲು ಬಂದ ಮೌಶಿಯನ್ನು ಬಾಗಿಲಲ್ಲೇ ಹಿಡಿದೆ.

"ದೇವರು ಎಲ್ಲಾ ಕಡೆ ಇದಾನೆ ಅಂತೀರಲ್ಲ ಮೌಶಿ, ಹಂಗಾದ್ರೆ ಹೆಬ್ಬಾಳದ ಕೆರೆ ಏರಿ ಮೇಲೂ ಇರ್ಬೇಕಲ್ವಾ? ಅಷ್ಟು ದೂರ ಯಾಕೆ ಹೋಗ್ಬೇಕು?"

"ಅದಾನಲ್ಲ, ದಿನಾ ಮುಂಜಾನೆ ನೋಡತೀನಿ. ನಿನ್ನ ಪುಸ್ತಕ ಮನ್ಯಾಗ ಅದಾವಲ್ಲ, ನೀ ಯಾಕ ಬಸ್ ಹತ್ತಿ ಕಾಲೇಜಿಗೆ ಹೋಗತಿ?"

ಹೋಲಿಕೆ ಸರಿಯಿಲ್ಲ ಎಂದು ವಾದಿಸಲು ನನ್ನ ಬಳಿ ಮೂರು ಕಾರಣಗಳಿದ್ದವು. ಎರಡನೆಯದಕ್ಕೆ ಬರುವಷ್ಟರಲ್ಲಿ ಅವರು ಪ್ರಸಾದವನ್ನು ನನ್ನ ಬಾಯಿಗೇ ಹಾಕಿ, "ತಿನ್ನವಾ ವಕೀಲಬಾಯಿ, ವಾದಕ್ಕೂ ಶಕ್ತಿ ಬೇಕು" ಎಂದು ಹೊರಟುಹೋದರು. ಅಂದಿನಿಂದ ನಾನು ವಕೀಲಬಾಯಿ.

ನನ್ನ ಪರೀಕ್ಷೆ ಮುಗಿದ ವಾರ, ಅಮ್ಮ ಅಕ್ಕಿ ಆರಿಸುತ್ತಿದ್ದಾಗ ಮೌಶಿ ಬಂದು ಎದುರಿಗೆ ಕೂತರು.

"ಈ ಸಲ ನಿಮ್ಮ ಮಗಳನ್ನ ನನ್ನ ಕೂಡ ಕೇದಾರಕ್ಕ ಕಳಸ್ರಿ."

ಅಮ್ಮ ಮೊರ ಕೆಳಗಿಟ್ಟರು. "ಇವಳನ್ನಾ? ಗಣೇಶನ ಹಬ್ಬದ ದಿನಾನೂ ಕೈ ಮುಗಿಯಲ್ಲ ಕಣ್ರೀ ಇವಳು!"

"ಅದಕ್ಕ ಕೇಳಾಕತ್ತೀನ್ರಿ. ಪ್ರತಿ ವರ್ಷ ದಾರ್‍ಯಾಗ ಒಬ್ಬರಿಗರೆ ಆರಾಮ ತಪ್ಪತೈತಿ. ಅಂಥಾವ್ರನ್ನ ಒಬ್ಬರನ್ನ ಬಿಟ್ಟು ಹೋಗಾಕ ಬರೂದಿಲ್ಲ, ಕೆಳಗ ಕರಕೊಂಡು ಹೋಗಬೇಕು. ಯಾರಿಗೆ ಹೇಳಲಿ? ಅಷ್ಟು ದೂರದಿಂದ ಬಂದಾವ್ರಿಗೆ 'ನೀ ದರ್ಶನ ಬಿಟ್ಟು ಇಳಿ' ಅಂದ್ರ ಅಳತಾರ. ಇಕಿ ಗುಡಿ ನೋಡಲಿಲ್ಲಂದ್ರ ಇಕಿಗೇನ ನಷ್ಟ?"

ನನ್ನ ನಾಸ್ತಿಕತೆಯನ್ನು ಒಂದು ಅರ್ಹತೆಯೆಂದು ಕಂಡವರು ಅವರೊಬ್ಬರೇ. ಆದರೂ ಸುಮ್ಮನಿರದೆ ಕೇಳಿದೆ. "ಇಷ್ಟು ವರ್ಷ ಯಾರು ಕೆಳಗೆ ಕರ್ಕೊಂಡು ಬರ್ತಿದ್ರು?"

"ನಾನ."

"ಪ್ರತಿ ಸಲಾನೂ? ಹಂಗಾದ್ರೆ ನೀವು ಗುಡಿ ನೋಡೇ ಇಲ್ವಾ?"

"ಇಲ್ಲ."

ಅಮ್ಮನಿಗೆ ಗಾಬರಿಯೇ ಆಯಿತು. "ಬೀದಿಗೆ ಬೀದಿನೇ ಕೇದಾರದ ಮೌಶಿ ಅಂತ ಕರೀತೀವಲ್ರೀ! ಪ್ರಸಾದ ತಂದು ಕೊಡ್ತಿದ್ರಿ!"

"ಮ್ಯಾಲ ಹೋದಾವ್ರು ತಂದದ್ದನ್ನ ಹಂಚತಿದ್ದೆ. ಕೇಳಿದ್ರ ಹೇಳತಿದ್ದೆ, ಯಾರೂ ಕೇಳಲಿಲ್ಲ." ಅಮ್ಮನ ಮೊರದಿಂದ ಒಂದು ಕಲ್ಲು ಹೆಕ್ಕಿ ತೆಗೆಯುತ್ತ ತಲೆಯೆತ್ತದೆ ಹೇಳಿದರು, "ಈ ಸಲರೆ ಒಮ್ಮೆ ಹೋಗಿ ನೋಡಬೇಕಂತ ಆಸೆ ಐತಿ."

ಹೊರಟೆ. ಹೊರಡುವ ಮುಂಚೆ ಎಲ್ಲರೆದುರು ಒಂದು ಕರಾರಾಯಿತು: ದಾರಿಯಲ್ಲಿ ವಕೀಲಬಾಯಿ ಯಾರಿಗೆ "ಇಳೀರಿ" ಎನ್ನುತ್ತಾಳೋ ಅವರು ಮರುಮಾತಿಲ್ಲದೆ ಇಳಿಯಬೇಕು. ಕರಾರು ಮಾಡಿಸಿದವರು ಮೌಶಿಯೇ.

ಗೌರಿಕುಂಡದಿಂದ ಏರುದಾರಿ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಆಳದಲ್ಲಿ ಮಂದಾಕಿನಿ, ನಡುವೆ ಹೇಸರಗತ್ತೆಗಳೊಂದಿಗೆ ಹಂಚಿಕೊಳ್ಳಬೇಕಾದ ಕಲ್ಲುಹಾದಿ. ನಾನು ಎಲ್ಲರ ಮುಖವನ್ನೂ ನೋಡುತ್ತಿದ್ದೆ. ಕೋಗಿಲು ಹಳ್ಳಿಯಿಂದ ಬಂದಿದ್ದ ದ್ರಾಕ್ಷಿ ತೋಟದಮ್ಮ ತನ್ನ ಮಂಡಿಯನ್ನು ಬೈಯುತ್ತಲೇ ಗಟ್ಟಿಯಾಗಿ ನಡೆಯುತ್ತಿದ್ದರು. ಅವರೇ ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದರು, "ಮೌಶಿ ಯಾಕೋ ಇಂಗೆ ನಿಂತ್ಕೊಂಡು ನಿಂತ್ಕೊಂಡು ಬತ್ತಾವ್ರೆ, ನೋಡವ್ವ."

ತಿರುಗಿ ನೋಡಿದೆ. ರೈಲಿನಲ್ಲಿ ಹಿಡಿದ ಕೆಮ್ಮು ಎದೆಗೆ ಇಳಿದಿತ್ತು. ತುಟಿ ನೀಲಿಗಟ್ಟಿತ್ತು, ಒಂದು ವಾಕ್ಯವನ್ನು ಒಂದೇ ಉಸಿರಿಗೆ ಮುಗಿಸಲು ಆಗುತ್ತಿರಲಿಲ್ಲ. ರಾಮಬಾಡದ ಚಹಾ ಅಂಗಡಿಯ ಬೆಂಚಿನ ಮೇಲೆ ಕೂರಿಸಿದೆ. ಅರ್ಧ ದಾರಿ ಬಂದಿದ್ದೆವು.

"ಮೌಶಿ, ಇಳಿಯೋಣ."

"ಯಾರು?"

"ನೀವು."

"ಹುಚ್ಚಿ. ನನಗೇನಾಗೇತಿ?"

"ಕರಾರು ನೀವೇ ಮಾಡ್ಸಿದ್ದು."

"ಅದು ಮಂದಿಗೆ."

"ಶಿವಪ್ಪ ಎಲ್ಲಿಗೂ ಓಡಿ ಹೋಗಲ್ಲ ಅಂತ ನೀವೇ ಹೇಳ್ತೀರಲ್ಲ?"

"ಅದೂ ಮಂದಿಗೆ ಹೇಳೂ ಮಾತು!" ಕೆಮ್ಮು ನಿಂತ ಮೇಲೆ ನನ್ನ ಕೈ ಹಿಡಿದುಕೊಂಡರು. "ನನಗ ವಯಸ್ಸಾಗಾಕತ್ತೈತಿ. ಅವ ಓಡಿ ಹೋಗೂದಿಲ್ಲ ಖರೇ, ನಾ ಹೋದ್ರ? ನಿನಗಿದು ತಿಳಿಯೂದಿಲ್ಲ. ನಿನಗ ಅಲ್ಲಿ ಏನೂ ಇಲ್ಲ."

ನನಗೆ ಅಲ್ಲಿ ಏನೂ ಇಲ್ಲದಿದ್ದದ್ದು ನಿಜ. ಎದುರಾಳಿಯ ನೆಲದ ಮೇಲೆ ನಿಂತೇ ವಾದಿಸಬೇಕೆಂದು ಕಾಲೇಜಿನಲ್ಲಿ ಕಲಿತಿದ್ದೆ. ಆದರೆ ಅವರ ನೆಲ ಯಾವುದು? ಸುತ್ತ ನೋಡಿದೆ. ಹೆಂಗಸರೆಲ್ಲ ಚಹಾದ ಲೋಟ ಹಿಡಿದು ಕುಡಿಯದೆ ನಿಂತಿದ್ದರು.

"ನನಗೆ ಏನೂ ಇಲ್ಲ, ಒಪ್ದೆ. ಇವರಿಗಿದೆಯಲ್ಲ? ನೀವು ಮೇಲೆ ಹೋಗಿ ಬಿದ್ರೆ ನಿಮ್ಮನ್ನ ಬಿಟ್ಟು ಇವರಲ್ಲಿ ಒಬ್ರೂ ಗುಡಿ ಒಳಗೆ ಕಾಲಿಡಲ್ಲ. ಇಷ್ಟು ವರ್ಷ ಎಲ್ಲರಿಗೂ ದರ್ಶನ ಮಾಡ್ಸಿದ ನೀವು ಈ ವರ್ಷ ಎಲ್ಲರದ್ದೂ ತಪ್ಪಿಸ್ತೀರಾ?"

ಮೌಶಿ ಅವರೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು. ಆಮೇಲೆ ತಮ್ಮ ಪೂಜೆಯ ಚೀಲವನ್ನು ಹೆಗಲಿನಿಂದ ತೆಗೆದು ದ್ರಾಕ್ಷಿ ತೋಟದಮ್ಮನ ಕೈಗಿಟ್ಟರು. "ನನ್ನ ಹೆಸರಲೆ ಒಂದ ಬಿಲ್ವಪತ್ರಿ ಏರಸ್ರಿ. ಹೊತ್ತು ಮಾಡಬ್ಯಾಡ್ರಿ, ನಡೀರಿ."

ಇಳಿಯುವಾಗ ನನ್ನ ತೋಳಿಗೆ ಆತುಕೊಂಡಿದ್ದರು. ಒಂದು ತಿರುವಿನಲ್ಲಿ ಹೇಸರಗತ್ತೆಗಳಿಗೆ ದಾರಿ ಬಿಟ್ಟು ನಿಂತಾಗ ಕೇಳಿದರು, "ಗೆದ್ದಿ. ಖುಷಿ ಆತೇನು?"

"ಇಲ್ಲ."

"ನನಗೂ ಆಗಿಲ್ಲ. ಆದ್ರ ಛಲೋ ಮಾತಾಡಿದಿ."

ಗೌರಿಕುಂಡದಲ್ಲಿ ಬಿಸಿನೀರು, ಕಷಾಯ, ಡಾಕ್ಟರರ ಮಾತ್ರೆ. ಮರುದಿನ ಉಸಿರು ಹಗುರಾಯಿತು. ಮೇಲಿಂದ ಇಳಿದು ಬಂದವರು ಅವರ ಹಣೆಗೆ ಭಸ್ಮ ಹಚ್ಚಿದಾಗ, "ಗುಡಿ ಒಳಗ ಹೆಂಗೈತಿ? ಹೇಳ್ರಿ, ಹೇಳ್ರಿ" ಎಂದು ಮೌಶಿ ಎಲ್ಲರ ಬಾಯಿಂದಲೂ ಕೇಳಿದರು. ಇಷ್ಟು ವರ್ಷವೂ ಹೀಗೇ ಕೇಳಿರಬೇಕು.

ಮರುವರ್ಷ ನಾನು ಎಂ.ಎ. ಸೇರಿದ್ದೆ. ಕರೆಯುವ ಮೊದಲೇ ಚೀಲ ಕಟ್ಟಿದೆ. ಅದೇ ದಾರಿ, ಅದೇ ರಾಮಬಾಡ. ಈ ಸಲ ದ್ರಾಕ್ಷಿ ತೋಟದಮ್ಮನ ಮಂಡಿ ಊದಿಕೊಂಡಿತು. "ಇನ್ನು ಆಗಾಕಿಲ್ಲ ಕಣವ್ವ, ಅದೇನೋ ಇಡ್ಕಂಬುಡ್ತು" ಎಂದು ದಾರಿಯಲ್ಲೇ ಕೂತುಬಿಟ್ಟರು. ಮೌಶಿ ಅಭ್ಯಾಸಬಲದಿಂದ ಸೆರಗು ಕಟ್ಟಿ ಅವರ ಕಡೆಗೆ ಹೆಜ್ಜೆ ಹಾಕಿದರು. ನಾನು ಅಡ್ಡ ನಿಂತೆ.

"ಇದು ನನ್ನ ಕೆಲಸ. ನೀವು ನಡೀರಿ."

"ಅಲ್ಲವಾ..."

"ಮರುಮಾತಿಲ್ಲ ಅಂತ ಕರಾರು!"

ತಿರುಗಿ ತಿರುಗಿ ನೋಡುತ್ತ ಹೋದರು. ಮಂಜು ಮುಚ್ಚಿಕೊಳ್ಳುವವರೆಗೂ ಆ ಕೆಂಪು ಸೆರಗು ಕಾಣುತ್ತಿತ್ತು.

ಎರಡನೆಯ ದಿನ ಇಳಿದು ಬಂದರು. ಹಣೆಯ ಮೇಲೆ ಈ ಸಲ ಗುಡಿಯಲ್ಲೇ ಹಚ್ಚಿಕೊಂಡ ಭಸ್ಮವಿತ್ತು. ಅವರು ನನ್ನ ಪಕ್ಕ ಕೂತು, ಕಣ್ಣು ಒರೆಸಿಕೊಂಡು, ನನ್ನ ಬೆನ್ನಿನ ಮೇಲೆ ಜೋರಾಗಿ ಒಂದು ಗುದ್ದು ಕೊಟ್ಟರು.

"ಇನ್ನ ನಿನ್ನ ಪಾಳಿ."

"ನಾನ್ಯಾಕೆ ಮೌಶಿ? ನಂಗೆ ನಂಬಿಕೆ ಇಲ್ವಲ್ಲ."

"ಅದನ್ನ ಮ್ಯಾಲ ಹೋಗಿ ಅವನಿಗೇ ಹೇಳು."

ಈ ಬೇಸಿಗೆಗೆ ಹೊರಟಿದ್ದೇವೆ. ದಾರಿಯಲ್ಲಿ ಯಾರಿಗಾದರೂ ಆರಾಮ ತಪ್ಪಿದರೆ ಕೆಳಗೆ ಕರೆದೊಯ್ಯುವ ಕೆಲಸ ಈ ಸಲ ತಮ್ಮದೆಂದು ಮೌಶಿ ಈಗಾಗಲೇ ಸಾರಿದ್ದಾರೆ. ನಾನು ವಾದಿಸಿ ನೋಡಿದೆ, ನಡೆಯಲಿಲ್ಲ. ಮೇಲೆ ಹೋದ ಮೇಲೆ ಏನು ಹೇಳಬೇಕೆಂದು ಮಾತ್ರ ಇನ್ನೂ ತಯಾರಿ ಮಾಡಿಕೊಂಡಿಲ್ಲ.