ಅತ್ತೆಯ ಕಂಪ್ಯೂಟರ್ ‘ಕಲರ್’ ಮರೆತದ್ದು

ತೊಂಬತ್ತರ ದಶಕದಲ್ಲಿ ನಾನು ಹಿಂದೂಪುರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಕಲ್ಯಾಣದುರ್ಗದಲ್ಲಿ ರೇಷ್ಮೆ ಸೀರೆ ಅಂಗಡಿ ಇಟ್ಟಿದ್ದ ನಮ್ಮ ಸೋದರತ್ತೆಗೆ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಬಣ್ಣದ ಹೆಸರು ಟೈಪ್ ಮಾಡಿದರೆ ಆ ಬಣ್ಣದ ಸೀರೆ ಯಾವ ಬೀರುವಿನಲ್ಲಿದೆ ಎಂದು ಅದು ಹೇಳುತ್ತಿತ್ತು. ಅತ್ತೆ ಅದನ್ನು ಸ್ವಂತ ಮಗನಿಗಿಂತ ಹೆಚ್ಚು ನಂಬಿದ್ದರು.

ಅಷ್ಟರಲ್ಲಿ ಆ ಪ್ರೋಗ್ರಾಂ ಬರೆದಿದ್ದ ಕಂಪ್ಯೂಟರ್ ಭಾಷೆಗೆ ಹೊಸ ಆವೃತ್ತಿ ಬಂತು. ಯಾರೂ ಕೇಳದಿದ್ದರೂ ನಾನು ಫ್ಲಾಪಿ ಹಿಡಿದು ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಹೊಸದನ್ನು ಹಾಕಿದ್ದೇ ತಡ, ಅತ್ತೆಯ ಪ್ರೋಗ್ರಾಂ ನಿಂತುಹೋಯಿತು. ಬಣ್ಣ ತುಂಬುವ ಜಾಗಕ್ಕೆ ನಾನು ‘ಕಲರ್’ ಎಂದು ಹೆಸರಿಟ್ಟಿದ್ದೆ. ಈಗ ಆ ಪದವನ್ನು ಭಾಷೆ ತನ್ನ ಸ್ವಂತಕ್ಕೆ ಇಟ್ಟುಕೊಂಡು, ಬೇರೆಯವರು ಮುಟ್ಟಬಾರದು ಎನ್ನುತ್ತಿತ್ತು.

ಎದುರಿಗೆ ಬ್ರಹ್ಮಸಮುದ್ರದಿಂದ ಬಂದ ಮದುವೆಮನೆಯ ಹೆಂಗಸರು ಮೆರೂನ್ ಸೀರೆಗಾಗಿ ಕಾದು ಕೂತಿದ್ದರು.

“ನಿನ್ನೆ ತಿಳೀತಿದ್ದ ಮಾತು ಇವತ್ತು ತಿಳಿಯಾಕಿಲ್ವೇನ್ಲಾ ಇದಕ್ಕೆ?” ಎಂದರು ಅತ್ತೆ.

“ಭಾಷೆ ಬದ್ಲಾಗ್ಬುಟ್ಟೈತೆ, ಅತ್ತೆ.”

“ಅಂಗ್ಡೀಲಿ ತೆಲುಗು ಆಡ್ತೀನಿ, ಮನೇಲಿ ಕನ್ನಡ ಆಡ್ತೀನಿ. ಎರಡೂ ಯಾವತ್ತೂ ಹಿಂಗೆ ಕೈ ಕೊಟ್ಟಿಲ್ಲ ಕಣಪ್ಪ!”

ನಾನು ಬೆವರುತ್ತಾ ‘ಕಲರ್’ ಇದ್ದ ಕಡೆಯೆಲ್ಲ ‘ರಂಗು’ ಎಂದು ಬದಲಿಸಿದೆ. ಆ ಪದಕ್ಕೆ ಈ ಭಾಷೆ ಮಾಡಿದ ಅಮೆರಿಕದವರು ಕೈ ಹಾಕಲಾರರು ಎಂಬ ಧೈರ್ಯ ನನಗೆ. ಪ್ರೋಗ್ರಾಂ ಓಡಿತು, ಮೆರೂನ್ ಸೀರೆಯೂ ಸಿಕ್ಕಿತು.

ಅತ್ತೆಯ ನಂಬಿಕೆ ಮಾತ್ರ ತಿರುಗಿ ಬರಲಿಲ್ಲ. ಆಮೇಲೆ ಹಬ್ಬದ ಊಟಕ್ಕೆ ಹೋದರೂ ನನ್ನನ್ನು ಬಾಗಿಲಲ್ಲೇ ತಡೆದು, “ಹೊಸಾದು ಏನಾರ ತಂದ್ಬುಟ್ಟಿದೀಯೇನ್ಲಾ?” ಎಂದು ಚೀಲ ತಡಕಿ ನೋಡಿದ ಮೇಲೆಯೇ ಎಲೆ ಹಾಕುತ್ತಿದ್ದರು.